ಬೀಡಿಯ ಕಚೇರಿಯಿಂದ ಬಾಹ್ಯಾಕಾಶದ ಗಡಿಗೆ

1830ರ ಜನವರಿಯಲ್ಲಿ ಸಂಗೊಳ್ಳಿ ರಾಯಣ್ಣನ ದಂಡು ಖಾನಾಪುರ ಸೀಮೆಯ ಬೀಡಿಗೆ ನುಗ್ಗಿ ಸುಟ್ಟದ್ದು ಕೋಟೆಯನ್ನಲ್ಲ, ಕಂಪನಿ ಸರ್ಕಾರದ ಕಚೇರಿಯನ್ನು. ಆತ ಯಾವ ಸಂಸ್ಥಾನದ ಪರ ಕಾದಿದ್ದನೋ ಆ ಕಿತ್ತೂರಿನ ಕೋಟೆ 1824ರ ಡಿಸೆಂಬರಿನಲ್ಲೇ ಬಿದ್ದಿತ್ತು, ರಾಣಿ ಚೆನ್ನಮ್ಮ 1829ರಲ್ಲಿ ಬೈಲಹೊಂಗಲದ ಸೆರೆಯಲ್ಲಿ ತೀರಿಕೊಂಡಿದ್ದರು. ನಕಾಶೆಯ ಮೇಲೆ ಯುದ್ಧ ಮುಗಿದಿತ್ತು. ಆದರೆ ಯಾರ ಇನಾಮು ಉಳಿಯಬೇಕು, ಯಾರ ಹೊಲಕ್ಕೆ ಎಷ್ಟು ಕಂದಾಯ ಎಂಬುದು ಇತ್ಯರ್ಥವಾಗುತ್ತಿದ್ದುದು ಕಚೇರಿಯ ದಫ್ತರದಲ್ಲಿ. ರಾಯಣ್ಣನ ಮನೆತನದ ಭೂಮಿಯನ್ನೂ ಅದು ಬಿಟ್ಟಿರಲಿಲ್ಲ. ಗಡಿಗೆ ಅರ್ಥ ಬರುವುದು ಬಾವುಟದಿಂದಲ್ಲ, ಗೆದ್ದವರು ಸೋತವರ ನಿತ್ಯದ ಬದುಕಿನಲ್ಲಿ ಏನನ್ನು ಬದಲಿಸುತ್ತಾರೆ ಎಂಬುದರಿಂದ. ಸಾವಿರಾರು ಜನ ಒಟ್ಟಿಗೆ ಆಡುವ ಬಾಹ್ಯಾಕಾಶದ ಆಟಗಳಲ್ಲಿ ಬಣಗಳ ಕಾದಾಟ ಸಪ್ಪೆಯಾಗುವುದು ಇಂಥ ದಫ್ತರ ಇಲ್ಲದಿರುವಾಗಲೇ.

ಐಸ್‌ಲ್ಯಾಂಡಿನ ಸಿಸಿಪಿ ಕಂಪನಿ 2003ರಲ್ಲಿ ಹೊರತಂದ ‘ಈವ್ ಆನ್‌ಲೈನ್’ ಇದಕ್ಕೆ ಒಳ್ಳೆಯ ಪುರಾವೆ. 2008ರಲ್ಲಿ ಅಲ್ಲಿ ಸಾಮ್ರಾಜ್ಯಗಳ ನಡುವಿನ ಬಣಯುದ್ಧ ಶುರುವಾಯಿತು; ನಕ್ಷತ್ರ ವ್ಯೂಹಗಳು ಕೈಯಿಂದ ಕೈಗೆ ಹೋದರೂ ಹೆಚ್ಚೇನೂ ಆಗುತ್ತಿರಲಿಲ್ಲ. 2012ರಲ್ಲಿ ಎರಡು ಬದಲಾವಣೆಗಳು ಬಂದವು. ಹೆಚ್ಚು ಪ್ರದೇಶ ಹಿಡಿದ ಬಣಕ್ಕೆ ಹೆಚ್ಚು ಬಹುಮಾನ ಎಂಬುದು ಮೊದಲನೆಯದು. ಅದರಿಂದ ಲಾಭಕೋರರು ಗೆಲ್ಲುವ ಪಕ್ಷದತ್ತ ಸಾಲುಗಟ್ಟಿದರು, ಅಷ್ಟೇ. ಶತ್ರು ಹಿಡಿದ ವ್ಯೂಹದ ನಿಲ್ದಾಣಗಳಿಗೆ ಸೋತವರು ಬರುವಂತಿಲ್ಲ ಎಂಬುದು ಎರಡನೆಯದು. ನಿಜವಾಗಿ ಚುಚ್ಚಿದ್ದು ಇದು, ಏಕೆಂದರೆ ಸರಕು ಒಳಗೇ ಇರುತ್ತದೆ, ಮಾಲೀಕ ಹೊರಗಿರುತ್ತಾನೆ. ಆಟಗಾರರೇ ಆಳುವ ದೂರದ ವಲಯಗಳಲ್ಲಂತೂ ಈ ನೋವು ಇನ್ನೂ ದೊಡ್ಡದು. 2014ರ ಜನವರಿ 27ರಂದು ಬಿ-ಆರ್5ಆರ್‌ಬಿ ಎಂಬ ವ್ಯೂಹದ ಆಡಳಿತ ಶುಲ್ಕ ಸಮಯಕ್ಕೆ ಕಟ್ಟಲಾಗದೆ ಹಕ್ಕು ತಪ್ಪಿತು. ಅದು ಆಟಗಾರರ ಒಂದು ಕೂಟದ ಯುದ್ಧನೆಲೆ, ಹಡಗುಗಳ ಉಗ್ರಾಣ. ಹೀಗಾಗಿ ಸುಮಾರು 21 ಗಂಟೆ ಕಾಳಗ ನಡೆದು, ಟೈಟನ್ ಎಂಬ ದೈತ್ಯ ಹಡಗುಗಳೇ 75 ನಾಶವಾದವು. ನಷ್ಟ ನಿಜ ಹಣದ ಲೆಕ್ಕದಲ್ಲಿ ಸುಮಾರು ಮೂರು ಲಕ್ಷ ಡಾಲರ್ ಎಂದು ಅಂದಾಜಾಯಿತು. ಒಂದು ಬಾಕಿ ಬಿಲ್ಲಿಗೆ! ದಫ್ತರದ ಶಕ್ತಿ ಬೀಡಿಗೆ ನುಗ್ಗಿದವರಿಗೆ ಇವರಿಗಿಂತ ಚೆನ್ನಾಗಿ ಗೊತ್ತಿತ್ತು.

ಗಡಿಗೆ ಹೀಗೆ ಬೆಲೆ ಇಟ್ಟರೆ ದೊಡ್ಡ ಕೂಟಗಳು ಎಲ್ಲವನ್ನೂ ನುಂಗಿ, ಹೊಸಬರಿಗೆ ಜಾಗವೇ ಇರುವುದಿಲ್ಲ ಎಂಬ ಆಕ್ಷೇಪ ಸುಳ್ಳಲ್ಲ. ಸಿಸಿಪಿ 2015ರಲ್ಲಿ ನಿಯಮ ತಿದ್ದಿತು: ಗಣಿ ತೋಡಿ, ಕಾದಾಡಿ ಬಳಸುತ್ತಿರುವ ವ್ಯೂಹವನ್ನು ಕಸಿಯುವುದು ಕಷ್ಟ, ಸುಮ್ಮನೆ ಹಿಡಿದಿಟ್ಟದ್ದನ್ನು ಕಸಿಯುವುದು ಸುಲಭ. ಉಳುವವನಿಗೇ ಭೂಮಿ ಎಂಬ ನಮ್ಮ ಮಾತಿಗೆ ಹತ್ತಿರದ ಈ ನಿಯಮದಿಂದಲೂ ದೊಡ್ಡ ಕೂಟಗಳು ಕರಗಲಿಲ್ಲ, ಆದರೂ ದಿಕ್ಕು ಸರಿಯಾಗಿದೆ. ಮನರಂಜನೆಗೆ ಬಂದವರಿಗೆ ಇಷ್ಟು ನಷ್ಟ ಏಕೆ ಎನ್ನುವವರಿಗೆ ಅದೇ ಆಟದಲ್ಲಿ ಕಾವಲಿರುವ, ಹೆಚ್ಚು ಸುರಕ್ಷಿತ ವಲಯಗಳಿವೆ; ಗಡಿಗೆ ಹೋಗುವುದು ಅವರವರ ಇಷ್ಟ. 1831ರ ಜನವರಿ 26ರಂದು ನಂದಗಡದಲ್ಲಿ ಗಲ್ಲಿಗೇರಿದ ರಾಯಣ್ಣನನ್ನು ಆಟದ ಜೊತೆ ತೂಗುವುದೇ ತಪ್ಪಲ್ಲವೇ? ತೂಗಿದರೆ ತಪ್ಪೇ. ಆಟದ ಹಡಗನ್ನು ಮತ್ತೆ ಕಟ್ಟಬಹುದು. ಇಲ್ಲಿ ಹೇಳುತ್ತಿರುವುದು ನೆಲಕ್ಕಾಗಿ ಕಾದಿದವನು ಕಚೇರಿಯನ್ನೇ ಏಕೆ ಗುರಿ ಮಾಡಿದ ಎಂಬುದಷ್ಟೆ. ಹೊಸ ಬಾಹ್ಯಾಕಾಶ ಆಟವೊಂದು ಸಾವಿರ ಗ್ರಹಗಳ ಆಸೆ ತೋರಿಸಿದರೆ, ಅದರಲ್ಲಿ ಒಂದನ್ನು ಕಳೆದುಕೊಂಡ ಬಣಕ್ಕೆ ಮರುದಿನ ಏನು ಬದಲಾಗುತ್ತದೆ ಎಂದು ಮೊದಲು ಕೇಳಿ. ಉತ್ತರ ಸಿಗದಿದ್ದರೆ ದುಡ್ಡು ಕೊಡಬೇಡಿ.