ಉದ್ಯೋಗದ ಸುದ್ದಿಯೂ ಅದರ ಹೊಣೆಯೂ

ಕಲಬುರಗಿ ಜಿಲ್ಲೆಯ ಆಳಂದ, ಅಫಜಲಪುರ ಮತ್ತು ಜೇವರ್ಗಿ ತಾಲ್ಲೂಕುಗಳಲ್ಲಿ ಉದ್ಯೋಗವನ್ನರಸುವ ಯುವಜನರಿಗೆ ಕೆಲಸದ ಸುದ್ದಿಯು ಯಾವ ಮಾರ್ಗವಾಗಿ ತಲಪುತ್ತದೆ, ಆ ಮಾರ್ಗವು ಸಾಮಾಜಿಕ ಜಾಲತಾಣಗಳಿಂದ ಎಷ್ಟು ಬದಲಾಗಿದೆ ಎಂಬುದನ್ನು ಇಲ್ಲಿ ವಿಚಾರಿಸಬೇಕೆಂದಿದ್ದೇವೆ. ಸುದ್ದಿಯು ಶೀಘ್ರವಾಗಿ ಬರುತ್ತಿದೆ ಎಂಬುದು ಎಲ್ಲರಿಗೂ ತಿಳಿದ ಮಾತು. ಆದರೆ ಸುದ್ದಿಯನ್ನು ತಂದವನ ಮೇಲೆ ಹಿಂದೆ ಇದ್ದ ಹೊಣೆಯು ಈಗ ಯಾರ ಮೇಲಿದೆ ಎಂಬ ಪ್ರಶ್ನೆಯನ್ನು ಕೇಳಿದವರು ಕಡಿಮೆ.

ಈ ಮೂರು ತಾಲ್ಲೂಕುಗಳೂ ಬಹುಮಟ್ಟಿಗೆ ಮಳೆಯನ್ನೇ ನಂಬಿದ ತೊಗರಿಯ ಸೀಮೆ. ಭೀಮಾ ನದಿಯ ದಂಡೆಯಲ್ಲಿ ಮಾತ್ರ ಕಬ್ಬು ಉಂಟು. ಸುಗ್ಗಿ ಮುಗಿದ ಮೇಲೆ ಮುಂಬಯಿ, ಪುಣೆ, ಸೊಲ್ಲಾಪುರ, ಹೈದರಾಬಾದು, ಬೆಂಗಳೂರುಗಳಿಗೆ ಗುಳೆ ಹೋಗುವುದು ಇಲ್ಲಿ ಹಳೆಯ ರೂಢಿ. ಈ ಗುಳೆಗೆ ದಾರಿ ತೋರಿಸುತ್ತಿದ್ದವನು ಮೇಸ್ತ್ರಿ ಅಥವಾ ಮುಕಾದಮ. ಮುಂಗಡ ಹಣವನ್ನು ಕೊಟ್ಟು ಆಳುಗಳನ್ನು ಕಟ್ಟಿಹಾಕುತ್ತಿದ್ದ ಆತನನ್ನು ಹೊಗಳುವ ಇಚ್ಛೆ ನಮಗಿಲ್ಲ. ಆದರೂ ಅವನ ಮನೆ ಅದೇ ಊರಿನಲ್ಲೋ ಪಕ್ಕದ ಊರಿನಲ್ಲೋ ಇರುತ್ತಿತ್ತು. ಕೂಲಿ ಬಾರದಿದ್ದರೆ ಅವನ ಬಾಗಿಲಿಗೆ ಹೋಗಿ ಕೇಳಬಹುದಾಗಿತ್ತು. ಸುದ್ದಿಯೂ ಹೊಣೆಯೂ ಒಬ್ಬನೇ ಮನುಷ್ಯನಲ್ಲಿ ಕೂಡಿದ್ದವು.

ಓದಿದವರ ಸ್ಥಿತಿ ಬೇರೆ. ಖಾಲಿ ಹುದ್ದೆಗಳನ್ನು ಉದ್ಯೋಗ ವಿನಿಮಯ ಕೇಂದ್ರಗಳಿಗೆ ಕಡ್ಡಾಯವಾಗಿ ತಿಳಿಸಬೇಕೆಂಬ ಕಾಯಿದೆಯು 1959ರಲ್ಲಿ ಬಂದಿತು. 1976ರಲ್ಲಿ ಕೇಂದ್ರ ಸರ್ಕಾರದ ಉದ್ಯೋಗ ವಾರಪತ್ರಿಕೆಯು ಇಂಗ್ಲಿಷ್, ಹಿಂದಿ ಮತ್ತು ಉರ್ದು ಭಾಷೆಗಳಲ್ಲಿ ಆರಂಭವಾಯಿತು. ಕನ್ನಡದಲ್ಲಿ ಮಾತ್ರ ಇಲ್ಲ. ಹಳ್ಳಿಯ ಪದವೀಧರನು ಪ್ರಕಟಣೆಯನ್ನು ನೋಡುವುದಕ್ಕಾಗಿಯೇ ಜಿಲ್ಲಾಕೇಂದ್ರಕ್ಕೆ ಹೋಗಬೇಕಾಗುತ್ತಿತ್ತು. ಎಷ್ಟೋ ವೇಳೆ ಅಷ್ಟರಲ್ಲಿ ಕೊನೆಯ ದಿನಾಂಕ ಕಳೆದಿರುತ್ತಿತ್ತು. ಇಂದು ಅದೇ ಪ್ರಕಟಣೆಯ ಕನ್ನಡ ಸಾರಾಂಶವು ಹೊರಟ ದಿನವೇ ಟೆಲಿಗ್ರಾಂ ವಾಹಿನಿಗಳಲ್ಲಿಯೂ ವಾಟ್ಸಾಪ್ ಗುಂಪುಗಳಲ್ಲಿಯೂ ದೊರೆಯುತ್ತದೆ. ಸಂವಿಧಾನದ 371ಜೆ ವಿಧಿಯು 2013ರಲ್ಲಿ ಜಾರಿಗೆ ಬಂದ ಮೇಲೆ ಈ ಪ್ರದೇಶದ ಅಭ್ಯರ್ಥಿಗಳಿಗೆ ಸ್ಥಳೀಯ ವೃಂದದ ಹುದ್ದೆಗಳಲ್ಲಿ ಬಹುಪಾಲು ಮೀಸಲಾಗಿದೆ. ಅದಕ್ಕೆ ಬೇಕಾದ ಅರ್ಹತಾ ಪ್ರಮಾಣಪತ್ರವನ್ನು ಹೇಗೆ ಪಡೆಯಬೇಕು, ಯಾವ ಹುದ್ದೆಗೆ ಅದು ಅನ್ವಯಿಸುತ್ತದೆ ಎಂಬ ಸೂಕ್ಷ್ಮಗಳನ್ನು ಅಭ್ಯರ್ಥಿಗಳು ಒಬ್ಬರಿಂದೊಬ್ಬರು ಕಲಿತದ್ದು ಬಹುಮಟ್ಟಿಗೆ ಈ ಗುಂಪುಗಳಲ್ಲಿಯೇ. ಇದು ಸಣ್ಣ ಲಾಭವಲ್ಲ.

ಅಮೆರಿಕದ ಸಮಾಜಶಾಸ್ತ್ರಜ್ಞ ಮಾರ್ಕ್ ಗ್ರಾನೋವೆಟರ್ ಅವರು 1973ರಲ್ಲಿ ಒಂದು ವಿಚಾರವನ್ನು ಮಂಡಿಸಿದರು. ಆಪ್ತರಿಗಿಂತ ದೂರದ ಪರಿಚಯಸ್ಥರಿಂದಲೇ ಹೊಸ ಕೆಲಸದ ಸುದ್ದಿ ಹೆಚ್ಚಾಗಿ ಬರುತ್ತದೆ. ಆಪ್ತರಿಗೆ ತಿಳಿದಿರುವುದು ಬಹುತೇಕ ನಮಗೂ ತಿಳಿದೇ ಇರುತ್ತದೆ ಎಂಬುದು ಅವರ ವಾದ. ಲಿಂಕ್ಡ್‌ಇನ್ ತಾಣದ 2 ಕೋಟಿ ಬಳಕೆದಾರರನ್ನು ಆಧರಿಸಿ 2022ರಲ್ಲಿ ಪ್ರಕಟವಾದ ಅಧ್ಯಯನವು ಈ ಮಾತನ್ನು ಬಹುಮಟ್ಟಿಗೆ ಸಮರ್ಥಿಸಿತು. ಆದರೆ ಅಂಥ ತಾಣದಲ್ಲಿ ಪ್ರತಿಯೊಬ್ಬನಿಗೂ ಹೆಸರು, ಓದು, ಹಿಂದಿನ ಕೆಲಸ ಇವುಗಳ ದಾಖಲೆ ಇರುತ್ತದೆ. ನಮ್ಮ ತಾಲ್ಲೂಕುಗಳಲ್ಲಿ ಹೆಚ್ಚಾಗಿ ಬಳಕೆಯಲ್ಲಿರುವ ಗುಂಪುಗಳಲ್ಲಿ ಇರುವುದು ಒಂದು ದೂರವಾಣಿ ಸಂಖ್ಯೆ ಮಾತ್ರ. ಹತ್ತು ಬಾರಿ ಮುಂದೆ ಸಾಗಿಸಲ್ಪಟ್ಟ ಸಂದೇಶವನ್ನು ಮೊದಲು ಬರೆದವರು ಯಾರೆಂಬುದು ಓದುವವನಿಗೆ ಕಾಣದು. ಗ್ರಾನೋವೆಟರ್ ಅವರ ಪರಿಚಯಸ್ಥನು ದೂರದವನಾದರೂ ಪರಿಚಯಸ್ಥನೇ ಆಗಿದ್ದನಷ್ಟೆ.

ಇದರ ಪರಿಣಾಮವು ಎಷ್ಟು ದಾರುಣವಾಗಬಹುದೆಂಬುದನ್ನು ನಮ್ಮ ಜಿಲ್ಲೆಯು ಕಂಡಿದೆ. 2023ರ ಕೊನೆಯಲ್ಲಿ ಕಲಬುರಗಿ ಜಿಲ್ಲೆಯ ಮೂವರು ಯುವಕರು ರಷ್ಯಾದಲ್ಲಿ ಭದ್ರತಾ ಸಹಾಯಕರ ಕೆಲಸವೆಂದು ನಂಬಿ ಹೊರಟರು. ಆ ಕೆಲಸವನ್ನು ಪ್ರಚಾರ ಮಾಡಿದ್ದು ದುಬೈಯಿಂದ ನಡೆಯುತ್ತಿದ್ದ ಒಂದು ಯೂಟ್ಯೂಬ್ ವಾಹಿನಿ. ಅಲ್ಲಿಗೆ ತಲಪಿದ ಮೇಲೆ ಅವರನ್ನು ಯುಕ್ರೇನಿನ ಯುದ್ಧರಂಗಕ್ಕೆ ತಳ್ಳಲಾಯಿತು. 2024ರ ಫೆಬ್ರವರಿಯಲ್ಲಿ ಅವರ ಮೊರೆಯ ಸುದ್ದಿಯು ದೇಶಕ್ಕೆಲ್ಲ ಮುಟ್ಟಿದ್ದು ಅವರು ಕಳುಹಿಸಿದ ದೃಶ್ಯತುಣುಕುಗಳಿಂದ. ಕರೆದೊಯ್ದ ಸಾಧನವೇ ಕೂಗಿಕೊಳ್ಳುವ ಸಾಧನವೂ ಆಯಿತು. ಮಾರ್ಚಿಯಲ್ಲಿ ಸಿ.ಬಿ.ಐ. ಮೊಕದ್ದಮೆ ದಾಖಲಿಸಿತು. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಮೂವರೂ ಜೀವಸಹಿತ ಮರಳಿದರು. ಇದೇ ರೀತಿ ಹೋದ ಹೈದರಾಬಾದಿನ ಮತ್ತು ಸೂರತಿನ ತರುಣರು ಮರಳಲಿಲ್ಲ.

ಇಲ್ಲಿ ಕಾನೂನಿನ ಸ್ವರೂಪವನ್ನು ಗಮನಿಸತಕ್ಕದ್ದು. ಹೊರದೇಶಕ್ಕೆ ಆಳುಗಳನ್ನು ಕಳುಹಿಸುವವರು 1983ರ ವಲಸೆ ಕಾಯಿದೆಯಂತೆ ನೋಂದಣಿ ಮಾಡಿಸಿಕೊಂಡಿರಬೇಕು. ಅವರು ಪಡೆಯಬಹುದಾದ ಸೇವಾಶುಲ್ಕವು ತೆರಿಗೆಯನ್ನು ಬಿಟ್ಟು 30,000 ರೂಪಾಯಿಗೆ ಸೀಮಿತವಾಗಿದೆ. ನೋಂದಾಯಿತರ ಪಟ್ಟಿಯು ಸರ್ಕಾರದ ಇ-ಮೈಗ್ರೇಟ್ ತಾಣದಲ್ಲಿ ಯಾರಿಗಾದರೂ ಸಿಗುತ್ತದೆ. ಲಕ್ಷಗಟ್ಟಲೆ ಕೇಳುವವನು ಅಷ್ಟರಿಂದಲೇ ಕಾನೂನಿನ ಹೊರಗಿನವನು. ಆದರೆ ಹತ್ತನೆಯ ತರಗತಿ ಮುಗಿಸದವರು ಹೊರಡುವ ಮುನ್ನ ಪಡೆಯಬೇಕಾದ ವಲಸೆ ಅನುಮತಿಯು ಮುಖ್ಯವಾಗಿ ಕೊಲ್ಲಿ ರಾಷ್ಟ್ರಗಳನ್ನೊಳಗೊಂಡ 18 ದೇಶಗಳಿಗೆ ಮಾತ್ರ ಸಂಬಂಧಿಸಿದ್ದು, ಅವುಗಳಲ್ಲಿ ರಷ್ಯಾ ಸೇರಿಲ್ಲ. ಪ್ರವಾಸಿಯಂತೆ ಹೊರಟವನನ್ನು ತಡೆದು ಕೇಳುವ ಬಾಗಿಲು ದಾರಿಯಲ್ಲಿ ಇರಲಿಲ್ಲ.

ಇನ್ನೊಂದು ಮುಖವನ್ನು ಮರೆಮಾಚುವುದು ನ್ಯಾಯವಲ್ಲ. 545 ಪೊಲೀಸ್ ಸಬ್‌ಇನ್ಸ್‌ಪೆಕ್ಟರ್ ಹುದ್ದೆಗಳಿಗೆ 2021ರ ಅಕ್ಟೋಬರ್ 3ರಂದು ನಡೆದ ಪರೀಕ್ಷೆಯ ಅಕ್ರಮವು ಬಯಲಾದದ್ದು ಅಭ್ಯರ್ಥಿಗಳ ಎಚ್ಚರದಿಂದ. ಕಲಬುರಗಿಯ ಕೇಂದ್ರವೊಂದರಲ್ಲಿ ಬರೆದವನೊಬ್ಬನ ಉತ್ತರಪತ್ರಿಕೆಯ ಪ್ರತಿಯು ಜಾಲತಾಣಗಳಲ್ಲಿ ಹರಿದಾಡಿತು. ಗುರುತು ಹಾಕಿದ ಉತ್ತರಗಳು ಕೆಲವೇ, ಬಂದ ಅಂಕಗಳು ಬಹಳ. 2022ರ ಏಪ್ರಿಲಿನಲ್ಲಿ ನೇಮಕಾತಿ ರದ್ದಾಯಿತು. ಮರುಪರೀಕ್ಷೆಯು 2024ರ ಜನವರಿ 23ರಂದು ಬೆಂಗಳೂರಿನಲ್ಲಿ ನಡೆಯಿತು. ಒಬ್ಬೊಬ್ಬರಾಗಿ ದೂರು ಹೇಳಿಕೊಂಡಿದ್ದರೆ ಯಾವ ಕಚೇರಿಯೂ ಕಿವಿಗೊಡುತ್ತಿರಲಿಲ್ಲವೆಂದು ನಮಗೆ ತೋರುತ್ತದೆ. ಇಷ್ಟಾದರೂ 2023ರ ಅಕ್ಟೋಬರಿನಲ್ಲಿ ನಿಗಮ-ಮಂಡಳಿಗಳ ಹುದ್ದೆಗಳ ಪರೀಕ್ಷೆಯಲ್ಲಿ ಬ್ಲೂಟೂತ್ ಸಾಧನದಿಂದ ಉತ್ತರ ಪಡೆಯುತ್ತಿದ್ದವರು ಅಫಜಲಪುರದಲ್ಲಿಯೇ ಸಿಕ್ಕಿಬಿದ್ದರು.

ಸುದ್ದಿಯು ಎಲ್ಲರಿಗೂ ಸಮನಾಗಿ ತಲಪುತ್ತದೆ ಎನ್ನುವುದೂ ಪೂರ್ಣಸತ್ಯವಲ್ಲ. 2019-20ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಅಂತರ್ಜಾಲವನ್ನು ಎಂದಾದರೂ ಬಳಸಿದ ಪುರುಷರು ಶೇಕಡಾ 62ರಷ್ಟಿದ್ದರೆ ಸ್ತ್ರೀಯರು ಶೇಕಡಾ 35ರಷ್ಟು ಮಾತ್ರ. ಅಣ್ಣನ ಅಥವಾ ಗಂಡನ ಕೈಯಲ್ಲಿರುವ ಫೋನಿಗೆ ಬಂದ ಸುದ್ದಿಯು ಅವಳಿಗೆ ಮುಟ್ಟುವುದು ಅವನಿಗೆ ಮನಸ್ಸಾದಾಗ.

ಮೂರೂ ತಾಲ್ಲೂಕು ಪಟ್ಟಣಗಳಲ್ಲಿ ಬಸ್ ನಿಲ್ದಾಣದ ಹಾಗೂ ಕಚೇರಿಗಳ ಆಸುಪಾಸಿನಲ್ಲಿ ಅರ್ಜಿ ತುಂಬಿಕೊಡುವ ಆನ್‌ಲೈನ್ ಸೆಂಟರುಗಳಿವೆ. ಮೇಸ್ತ್ರಿಯ ಸ್ಥಾನವನ್ನು ಕೊಂಚಮಟ್ಟಿಗೆ ಈಗ ತುಂಬುತ್ತಿರುವವನು ಇವುಗಳ ಮಾಲೀಕನು. ಫೋನಿನಲ್ಲಿ ಬಂದ ಪ್ರಕಟಣೆಯನ್ನು ಅಭ್ಯರ್ಥಿಯು ಅವನಿಗೆ ತೋರಿಸಿ ‘ಇದು ಖರೆ ಅದ ಏನ್ರಿ?’ ಎಂದು ಕೇಳುತ್ತಾನೆ. ಅವನು ಸರ್ಕಾರಿ ತಾಣವನ್ನು ತೆರೆದು ನೋಡಿ ಹೌದು, ಅಲ್ಲವೆಂದು ಹೇಳುತ್ತಾನೆ. ಈ ಕೆಲಸಕ್ಕೆ ಅವನಿಗೆ ಪ್ರತ್ಯೇಕ ಶುಲ್ಕವಿಲ್ಲ, ತಪ್ಪಿದರೆ ಶಿಕ್ಷೆಯೂ ಇಲ್ಲ. ಆದರೆ ಅವನ ಅಂಗಡಿ ನಾಳೆಯೂ ಅಲ್ಲಿಯೇ ತೆರೆದಿರುತ್ತದೆ. ಅರ್ಜಿಯಲ್ಲಿ ಅಭ್ಯರ್ಥಿಯ ಸಂಖ್ಯೆಗೆ ಬದಲಾಗಿ ಅವನ ಸಂಖ್ಯೆಯು ನಮೂದಾದಲ್ಲಿ ಪ್ರವೇಶಪತ್ರದ ಸಂದೇಶವು ಅವನ ಫೋನಿನಲ್ಲಿಯೇ ಉಳಿದುಬಿಡುವುದರಿಂದ, ತುಂಬಿದ ಅರ್ಜಿಯ ಮುದ್ರಿತ ಪ್ರತಿಯನ್ನು ಅಲ್ಲಿಯೇ ಓದಿ ನೋಡುವುದನ್ನು ನಮ್ಮ ವಿದ್ಯಾರ್ಥಿಗಳಿಗೆ ಮೊದಲು ಕಲಿಸಬೇಕಾಗಿದೆ.