ಬಲ್ಗೇರಿಯಾ: ಅಜ್ಜಿಯರ ಕಂಠದಲ್ಲಿ ಉಳಿದ ಮೇಳಗಾನ

ಬಲ್ಗೇರಿಯಾದ ಮಹಿಳೆಯರ ಮೇಳಗಾಯನದ ಧ್ವನಿಮುದ್ರಿಕೆಯೊಂದು 1990ರಲ್ಲಿ ಗ್ರ್ಯಾಮಿ ಪ್ರಶಸ್ತಿ ಪಡೆಯಿತು. ಸ್ವಿಟ್ಜರ್ಲೆಂಡ್‌ನ ಮಾರ್ಸೆಲ್ ಸೆಲ್ಲಿಯೆ 1975ರಲ್ಲಿ ಆರಂಭಿಸಿದ ಮಾಲಿಕೆಯ ಎರಡನೆಯ ಸಂಪುಟವದು. ಕೇಳಿದವರಲ್ಲಿ ಅನೇಕರು, ಶತಮಾನಗಳಿಂದ ಕಿಂಚಿತ್ತೂ ಬದಲಾಗದೆ ಹರಿದುಬಂದ ಹಾಡುಗಳಿವು ಎಂದು ಭಾವಿಸಿದರು. ಅದು ಅರ್ಧಸತ್ಯ.

ಈ ಗಾಯನದ ಒಂದು ಮೂಲ ರಾಜಧಾನಿ ಸೋಫಿಯಾದ ಸುತ್ತಲಿನ ಶೋಪ್ ಪ್ರದೇಶದ ಹಳ್ಳಿಗಳಲ್ಲಿದೆ. ಅಲ್ಲಿ ಒಬ್ಬಿಬ್ಬರು ಹಾಡಿನ ಧಾಟಿ ಹಿಡಿದರೆ, ಉಳಿದವರು ಒಂದೇ ಸ್ವರವನ್ನು ಬಿಡದೆ ಎಳೆಯುತ್ತಾರೆ. ನಮ್ಮಲ್ಲಿ ತಂಬೂರಿ ಮಾಡುವ ಕೆಲಸವನ್ನು ಅಲ್ಲಿ ಕಂಠಗಳೇ ನಿರ್ವಹಿಸುತ್ತವೆ. ಆದರೆ ಧಾಟಿಯು ಆಧಾರಸ್ವರಕ್ಕೆ ತೀರಾ ಸಮೀಪದಲ್ಲಿಯೇ ಸುಳಿಯುತ್ತದೆ. ಷಡ್ಜವನ್ನೂ ರಿಷಭವನ್ನೂ ಏಕಕಾಲಕ್ಕೆ ಗಟ್ಟಿಯಾಗಿ ಹಾಡಿದರೆ ಉಂಟಾಗುವ ಘರ್ಷಣೆಯನ್ನು ಊಹಿಸಿಕೊಳ್ಳಬಹುದು. ಬೇರೆಡೆ ಅಪಸ್ವರವೆನಿಸಬಹುದಾದ ಆ ಕಂಪನವೇ ಇಲ್ಲಿನ ಸೊಗಸು. ಬಯಲಿನಲ್ಲಿ, ಕೊಯ್ಲಿನ ಹೊಲದಲ್ಲಿ ದೂರಕ್ಕೆ ಕೇಳಿಸಬೇಕಾದ ಹಾಡಾದ್ದರಿಂದ ತೆರೆದ ಕಂಠದ ದನಿಗೇ ಪ್ರಾಶಸ್ತ್ಯ.

ಸುಗ್ಗಿ, ಮದುವೆ, ಕುಣಿತ ಹೀಗೆ ಪ್ರತಿ ಸಂದರ್ಭಕ್ಕೂ ಪ್ರತ್ಯೇಕ ಹಾಡುಗಳಿವೆ. ಈಸ್ಟರ್‌ಗೆ ಎಂಟು ದಿನ ಮೊದಲು ಬರುವ ಲಾಜರನ ಶನಿವಾರದಂದು ಕನ್ಯೆಯರು ಮನೆಮನೆಗೆ ತೆರಳಿ ಶುಭ ಕೋರಿ ಹಾಡುವ ಆಚರಣೆಯೂ ಇದೆ. ಒಟ್ಟೋಮನ್ ಆಳ್ವಿಕೆಯ ವಿರುದ್ಧ ಸೆಣಸಿದ ಬಂಡುಕೋರರ ಕಥನಗೀತೆಗಳು ಇನ್ನೊಂದು ಬಗೆ. ವಾಲ್ಯಾ ಬಾಲ್ಕಾನ್ಸ್ಕಾ ಒಂಟಿಯಾಗಿ ಹಾಡಿದ ಅಂತಹ ಗೀತೆಯೊಂದು 1977ರಲ್ಲಿ ವೊಯೇಜರ್ ನೌಕೆಗಳ ಚಿನ್ನದ ಲೇಪದ ತಟ್ಟೆಯಲ್ಲಿ ಬಾಹ್ಯಾಕಾಶಕ್ಕೆ ತೆರಳಿತು. ಕೇಸರಬಾಯಿ ಕೇರ್ಕರ್ ಅವರ ಭೈರವಿಯೂ ಅದೇ ತಟ್ಟೆಯಲ್ಲಿದೆ!

ಗ್ರ್ಯಾಮಿ ಗೆದ್ದ ನಾದದ ಕಥೆ ಆರಂಭವಾಗುವುದು 1951ರಲ್ಲಿ. ಕಮ್ಯುನಿಸ್ಟ್ ಸರ್ಕಾರದ ಆಶ್ರಯದಲ್ಲಿ ಸಂಗೀತ ಸಂಯೋಜಕ ಫಿಲಿಪ್ ಕುತೆವ್ ಸರ್ಕಾರಿ ಜಾನಪದ ತಂಡವನ್ನು ಕಟ್ಟಿದರು. ಹಳ್ಳಿಯ ಗಾಯಕಿಯರನ್ನು ಒಂದೆಡೆ ಸೇರಿಸಿ, ಅವರದೇ ಹಾಡುಗಳಿಗೆ ಹಲವು ಸ್ತರಗಳ ಸ್ವರಮೇಳವನ್ನು ಬರೆದು, ನಿರ್ದೇಶಕರ ಕೈಸನ್ನೆಯಡಿ ವೇದಿಕೆಗೆ ತಂದರು. ಬಾನುಲಿಯ ಮಹಿಳಾ ಮೇಳವೂ ಇದೇ ಹಾದಿ ಹಿಡಿಯಿತು. ಗಾಯಕಿಯರ ಕಂಠ ಹಳ್ಳಿಯದು, ಸ್ವರಪ್ರಸ್ತಾರ ಇಪ್ಪತ್ತನೆಯ ಶತಮಾನದ್ದು. ಇದನ್ನು ಕಲಬೆರಕೆ ಎಂದು ಜರೆಯುವುದು ಸರಿಯಲ್ಲ. ಅನೇಕ ರಚನೆಗಳು ನಿಜಕ್ಕೂ ಮನೋಹರವಾಗಿವೆ.

ಹಳೆಯ ಕ್ರಮವನ್ನು ಉಳಿಸಿಕೊಂಡವರು ವಿತೋಶಾ ಬೆಟ್ಟದ ತಪ್ಪಲಿನ ಬಿಸ್ತ್ರಿತ್ಸಾ ಗ್ರಾಮದ ವೃದ್ಧೆಯರು. 'ಬಿಸ್ತ್ರಿತ್ಸಾ ಅಜ್ಜಿಯರು' ಎಂದೇ ಹೆಸರಾದ ಇವರ ಪರಂಪರೆಯನ್ನು ಯುನೆಸ್ಕೊ 2005ರಲ್ಲಿ ಗುರುತಿಸಿ, 2008ರಲ್ಲಿ ಮಾನವಕುಲದ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು. ಆದರೆ ಹಾಡು ಹೊಲ, ಅಂಗಳಗಳನ್ನು ಬಿಟ್ಟು ಬಹುಮಟ್ಟಿಗೆ ವೇದಿಕೆಗೆ ಸೀಮಿತವಾದಂತೆ ಯುವಜನರ ಆಸಕ್ತಿ ಕುಗ್ಗಿದೆ ಎಂದೂ ಅದು ಎಚ್ಚರಿಸಿತ್ತು. ಸೋಫಿಯಾದ ಮೇಳಗಳಿಗೆ ಸ್ವರಲಿಪಿಯ ಪುಸ್ತಕಗಳಿವೆ. ಬಿಸ್ತ್ರಿತ್ಸಾದ ಅಜ್ಜಿಯರಿಗಿರುವುದು ಹಿರಿಯರಿಂದ ಕೇಳಿ ಕಲಿತ ನೆನಪು. ಯಾವ ಕ್ಷಣದಲ್ಲಿ ಎಷ್ಟು ಓರೆಯಾಗಿ ದನಿ ಎತ್ತಬೇಕೆಂಬುದನ್ನು ಪಕ್ಕದಲ್ಲಿ ನಿಂತು ಹಾಡಿಯೇ ಕಲಿಯಬೇಕು.