ಹನ್ನೊಂದು ಹಾಳೆಯ ವೈರಸ್ಸು

ಎಳೆಮಕ್ಕಳಿಗೆ ವಾಂತಿಭೇದಿ ಆದರೆ ಮನೆಯ ಹಿರಿಯರು ‘ಹಲ್ಲು ಬರ್ತಿದೆ’ ಅಂತಲೋ ‘ದೃಷ್ಟಿ ತಾಗಿದೆ’ ಅಂತಲೋ ಹೇಳುವುದುಂಟು. ಆದರೆ ಮಕ್ಕಳ ತೀವ್ರ ಭೇದಿಗೆ ಒಂದು ದೊಡ್ಡ ಕಾರಣ ರೋಟಾವೈರಸ್. 1973ರಲ್ಲಿ ಮೆಲ್ಬರ್ನ್ ನಗರದಲ್ಲಿ ರೂತ್ ಬಿಷಪ್ ಮತ್ತು ಸಂಗಡಿಗರು ಇದನ್ನು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಕಂಡರು. ನೋಡಲು ಚಕ್ರದ ಹಾಗಿದೆ. ಲ್ಯಾಟಿನ್ ಭಾಷೆಯಲ್ಲಿ ‘ರೋಟಾ’ ಅಂದರೆ ಚಕ್ರ. ಇದರ ಬೆನ್ನು ಹತ್ತಿದ ಕಥೆಯಲ್ಲಿ ನಮ್ಮ ಲೋಧಿ ಕಾಲೋನಿಗೆ ಹತ್ತಿರದ ಏಮ್ಸ್ ಆಸ್ಪತ್ರೆಯೂ ಇದೆ, ನಮ್ಮ ಬೆಂಗಳೂರೂ ಇದೆ.

ಮೊದಲು, ಈ ವೈರಸ್ ಬದಲಾಗುವುದು ಹೇಗೆ? ಕಾಮರ್ಸಿನವರ ಮಾತಿನಲ್ಲಿ ಹೇಳಿದರೆ ಸುಲಭ. ಇದರ ವಂಶವಾಹಿ ಹೊಲಿದು ಕಟ್ಟಿದ ಖಾತೆಪುಸ್ತಕವಲ್ಲ. 11 ಬಿಡಿ ಹಾಳೆಗಳ ಕಟ್ಟು. ಪ್ರತಿ ಹಾಳೆಯೂ ಆರ್.ಎನ್.ಎ. ಎಂಬ ವಸ್ತುವಿನ ಒಂದು ತುಂಡು. ವೈರಸ್ ತನ್ನ ನಕಲು ತೆಗೆಯುವಾಗ ಟ್ಯಾಲಿ ನೋಡುವ ಗುಮಾಸ್ತನಿಲ್ಲ. ಹೀಗಾಗಿ ಅಕ್ಷರ ತಪ್ಪುತ್ತವೆ, ತಪ್ಪು ಮುಂದಿನ ನಕಲಿಗೂ ಹೋಗುತ್ತದೆ. ಇದು ನಿಧಾನದ ಬದಲಾವಣೆ. ಎರಡನೆಯದು ದಿಢೀರ್ ಬದಲಾವಣೆ: ಒಂದೇ ಜೀವಕೋಶಕ್ಕೆ ಎರಡು ಬಗೆಯ ರೋಟಾವೈರಸ್ ಹೊಕ್ಕರೆ ಇವರ ಹಾಳೆ ಅವರ ಕಟ್ಟಿಗೆ ಸೇರಿ ಹೊಸ ವೈರಸ್ಸೇ ಹುಟ್ಟಬಹುದು.

ಇದನ್ನು ಪತ್ತೆ ಮಾಡುವ ಹಳೆಯ ವಿಧಾನ ಸರಳ. ರೋಗಿಯ ಮಲದಿಂದ ಆರ್.ಎನ್.ಎ. ಬೇರ್ಪಡಿಸಿ, ಲೋಳೆಯಂಥ ಜೆಲ್‌ನಲ್ಲಿಟ್ಟು ವಿದ್ಯುತ್ ಹರಿಸುತ್ತಾರೆ. ಸಣ್ಣ ತುಂಡು ಮುಂದೆ ಓಡುತ್ತದೆ, ದೊಡ್ಡದು ಹಿಂದೆ ಉಳಿಯುತ್ತದೆ. ಏಣಿಯ ಮೆಟ್ಟಿಲಿನಂತೆ 11 ಗೆರೆ ಮೂಡುತ್ತವೆ. ಇಬ್ಬರು ರೋಗಿಗಳ ಗೆರೆಗಳು ಹೊಂದದಿದ್ದರೆ ವೈರಸ್ಸೂ ಬೇರೆ. ಈಗ ಯಂತ್ರಗಳು ಅಕ್ಷರ ಅಕ್ಷರವನ್ನೇ ಓದಿಬಿಡುತ್ತವೆ. ವೈರಸ್ಸಿನ ಹೊರಕವಚದ ಎರಡು ಪ್ರೋಟೀನುಗಳ ಮೇಲೆ ‘ಜಿ’ ಮತ್ತು ‘ಪಿ’ ಎಂದು ನಂಬರು ಕೊಡುತ್ತಾರೆ.

ಈಗ ದೆಹಲಿಯ ಕಥೆ. 1985–86ರ ಸುಮಾರಿಗೆ ಏಮ್ಸ್‌ನ ನವಜಾತ ಶಿಶುಗಳಲ್ಲಿ ಡಾ. ಎಂ. ಕೆ. ಭಾನ್ ಮತ್ತು ಸಂಗಡಿಗರಿಗೆ ರೋಟಾವೈರಸ್ ಸಿಕ್ಕಿತು. ಆಶ್ಚರ್ಯ ಅಂದರೆ ಆ ಕೂಸುಗಳಿಗೆ ಭೇದಿ ಇರಲಿಲ್ಲ! ಅಷ್ಟೇ ಅಲ್ಲ, ಹಾಗೆ ಸೋಂಕು ತಗುಲಿದ ಮಕ್ಕಳಿಗೆ ಮುಂದೆ ರೋಟಾವೈರಸ್ ಭೇದಿ ಕಡಿಮೆ ಕಾಡಿತು. ಆ ವೈರಸ್ಸಿಗೆ 116ಇ ಎಂದು ಹೆಸರು. ಹಾಳೆ ಎಣಿಸಿ ನೋಡಿದರೆ ಹತ್ತು ಮನುಷ್ಯರ ವೈರಸ್ಸಿನವು, ಒಂದು ದನದ ವೈರಸ್ಸಿನದು. ಇತ್ತ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರೊ. ಸಿ. ದುರ್ಗಾ ರಾವ್ ಅವರ ತಂಡಕ್ಕೂ ರೋಗಲಕ್ಷಣವಿಲ್ಲದ ಶಿಶುಗಳಲ್ಲಿ ಐ321 ಎಂಬ ತಳಿ ಸಿಕ್ಕಿತು. ಅದರ ಲೆಕ್ಕ ತಿರುಗುಮುರುಗು: ಒಂಬತ್ತು ಹಾಳೆ ದನದ್ದು, ಎರಡು ಮನುಷ್ಯರದು.

ಲಸಿಕೆಗಾಗಿ ಎರಡನ್ನೂ ಮಕ್ಕಳಲ್ಲಿ ಪರೀಕ್ಷಿಸಿದರು. ಬೆಂಗಳೂರಿನದು ಸಾಕಷ್ಟು ಪ್ರತಿರೋಧ ಹುಟ್ಟಿಸಲಿಲ್ಲ, ದೆಹಲಿಯದು ಗೆದ್ದಿತು. ಹೈದರಾಬಾದಿನ ಭಾರತ್ ಬಯೋಟೆಕ್ ಕಂಪನಿ ಅದರಿಂದ ‘ರೋಟಾವ್ಯಾಕ್’ ತಯಾರಿಸಿತು. ದೆಹಲಿ, ಪುಣೆ, ವೆಲ್ಲೂರುಗಳಲ್ಲಿ 6,799 ಶಿಶುಗಳ ಮೇಲೆ ಪ್ರಯೋಗ ನಡೆಯಿತು. ತೀವ್ರ ರೋಟಾವೈರಸ್ ಭೇದಿಯನ್ನು ಮೊದಲ ವರ್ಷ ಶೇಕಡಾ 56ರಷ್ಟು ತಡೆಯಿತು. 2015ರಲ್ಲಿ ಲಸಿಕೆ ಬಿಡುಗಡೆ, 2016ರಿಂದ ಸರ್ಕಾರಿ ಲಸಿಕಾ ಕಾರ್ಯಕ್ರಮದಲ್ಲಿ ಸೇರ್ಪಡೆ. 6, 10, 14ನೇ ವಾರಗಳಲ್ಲಿ ಮಗುವಿನ ಬಾಯಿಗೆ ಹನಿ ಹಾಕುತ್ತಾರೆ.

ಹಾಗಾದರೆ ಕೆಲಸ ಮುಗಿಯಿತೇ? ಇಲ್ಲ. ಶೇಕಡಾ 56 ಅಂದರೆ ನೂರಕ್ಕೆ ನೂರಲ್ಲ. ಲಸಿಕೆ ಒಂದೇ ತಳಿಯದು, ಊರಲ್ಲಿ ತಿರುಗುವ ತಳಿಗಳು ಹಲವು, ಅವೂ ಹಾಳೆ ಬದಲಿಸುತ್ತಲೇ ಇರುತ್ತವೆ. ಅದಕ್ಕೇ 2005ರಿಂದ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಹಲವು ಊರುಗಳ ಆಸ್ಪತ್ರೆಗಳಿಂದ ಮಾದರಿ ಸಂಗ್ರಹಿಸಿ ತಳಿಗಳ ಮೇಲೆ ಕಣ್ಣಿಡುವ ಏರ್ಪಾಡು ಮಾಡಿತು. ವರ್ಷ ವರ್ಷದ ಲೆಕ್ಕ ಕೈಯಲ್ಲಿದ್ದರೆ ತಾನೇ ಲಸಿಕೆಗೆ ಹೊಸ ತಳಿ ತಪ್ಪಿಸಿಕೊಳ್ಳುತ್ತಿದೆಯೇ ಅನ್ನುವುದು ಗೊತ್ತಾಗುವುದು?

ಅಲ್ಲಿಯವರೆಗೆ ನಮ್ಮ ಪಾಲಿನ ಕೆಲಸವೂ ಇದೆ. ಭೇದಿಯಾದ ಮಗು ಸಾಯುವುದು ಮೈಯ ನೀರು, ಉಪ್ಪು ಬತ್ತಿ. ‘ಭೇದಿ ಆದಾಗ ನೀರು ಕುಡಿಸಬಾರದು’ ಎಂಬ ಮಾತನ್ನು ಮೊದಲು ಬಿಡಬೇಕು. ಓ.ಆರ್.ಎಸ್. ಪುಡಿ ಕದಡಿದ ನೀರನ್ನು ಗುಟುಕು ಗುಟುಕಾಗಿ ಕೊಡಬೇಕು, ತಾಯಿಹಾಲು ನಿಲ್ಲಿಸಬಾರದು, ಮಗು ಸುಸ್ತಾದರೆ ತಡಮಾಡದೆ ಆಸ್ಪತ್ರೆಗೆ ಒಯ್ಯಬೇಕು. ವೈರಸ್ಸು ಎಷ್ಟು ಹಾಳೆ ಬದಲಿಸಿದರೂ ಈ ಉಪಚಾರ ಬದಲಾಗುವುದಿಲ್ಲ.